ಹವಾಯಿಯ ಬಿಗ್ ಐಲ್ಯಾಂಡ್‌ಗೆ ಬಾಡಿಗೆ ಕಾರು: ಜೀಪೋ, ಮಿನಿವ್ಯಾನೋ? (ಆರು ಜನ, ಏಳು ರಾತ್ರಿ)

ಹಲಸಿನತೊಳೆ

ನಮಸ್ಕಾರ. ಏಪ್ರಿಲ್‌ನಲ್ಲಿ ಬಿಗ್ ಐಲ್ಯಾಂಡ್‌ಗೆ ಹೊರಟಿದ್ದೇವೆ. ನಾವಿಬ್ಬರು, ಊರಿಂದ ಬಂದಿರುವ ಅಪ್ಪ ಅಮ್ಮ (ಅಮ್ಮನಿಗೆ ಮಂಡಿನೋವು), ಮಕ್ಕಳು 7 ಮತ್ತು 3 ವರ್ಷದವರು. 28 ಇಂಚಿನ ಸೂಟ್‌ಕೇಸ್ ನಾಲ್ಕು, ಕ್ಯಾಬಿನ್ ಬ್ಯಾಗ್ ಮೂರು. ಕೋನಾದಲ್ಲಿ ಇಳಿದು ಕೋನಾದಿಂದಲೇ ವಾಪಸ್. ಪಟ್ಟಿಯಲ್ಲಿರುವುದು: ಜ್ವಾಲಾಮುಖಿ ಪಾರ್ಕ್, ಹಿಲೋ ಜಲಪಾತಗಳು, ಮೌನಾ ಕೇಯಾ ಪರ್ವತದ ತುದಿಯಲ್ಲಿ ಸೂರ್ಯಾಸ್ತ, ವೈಪಿಯೋ ಕಣಿವೆ, ಹಸಿರು ಮರಳಿನ ಬೀಚ್.

ಮನೆಯವರಿಗೆ ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಆಸೆ. "ಹವಾಯಿಗೆ ಹೋಗಿ ಮಿನಿವ್ಯಾನಾ?" ಅನ್ನುತ್ತಿದ್ದಾರೆ. ಇನ್ಶೂರೆನ್ಸ್ ಯಾವುದು ಬೇಕು, ಯಾವುದು ಬೇಡ? ಅಪ್ಪನ ಹತ್ತಿರ ಕರ್ನಾಟಕದ ಲೈಸೆನ್ಸ್ ಇದೆ, ಅವರನ್ನೂ ಡ್ರೈವರ್ ಆಗಿ ಸೇರಿಸಬಹುದೇ?

ಗೇರ್‌ಬಾಕ್ಸ್

ಮೊದಲು ತಲೆ ಎಣಿಸಿ. ರ‍್ಯಾಂಗ್ಲರ್‌ನಲ್ಲಿ ಸೀಟು ಐದೇ. ನೀವು ಆರು ಜನ. ಜೀಪಿನ ಚರ್ಚೆ ಅಲ್ಲಿಗೇ ಮುಗಿಯಿತು.

ಮುಂದಿನದು ಏಳು ಸೀಟಿನ ಎಸ್‌ಯುವಿ ಮತ್ತು ಮಿನಿವ್ಯಾನ್ ನಡುವಿನ ಆಯ್ಕೆ. ಇದನ್ನು ಲಗೇಜಿನ ಲೆಕ್ಕದಿಂದ ತೀರ್ಮಾನಿಸಿ. 28 × 20 × 12 ಇಂಚಿನ ಸೂಟ್‌ಕೇಸ್ ಒಂದಕ್ಕೆ ಸುಮಾರು 3.9 ಘನ ಅಡಿ, ನಾಲ್ಕಕ್ಕೆ 15.6. ಕ್ಯಾಬಿನ್ ಬ್ಯಾಗ್ ಒಂದಕ್ಕೆ 1.6, ಮೂರಕ್ಕೆ 4.8. ಒಟ್ಟು 20 ಘನ ಅಡಿಯ ಮೇಲೆ. ಮೂರನೇ ಸಾಲಿನ ಸೀಟು ಎತ್ತಿಟ್ಟಾಗ ಟೊಯೋಟಾ ಹೈಲ್ಯಾಂಡರ್‌ನ ಹಿಂದೆ ಉಳಿಯುವ ಜಾಗ 16 ಘನ ಅಡಿ. ಕ್ರೈಸ್ಲರ್ ಪೆಸಿಫಿಕಾದಲ್ಲಿ 32, ಟೊಯೋಟಾ ಸಿಯೆನ್ನಾದಲ್ಲಿ 33ರ ಹತ್ತಿರ. ಮಿನಿವ್ಯಾನಿನ ನೆಲ ಹಿಂಬದಿಯಲ್ಲಿ ಹಳ್ಳದ ಹಾಗೆ ಆಳ ಇರುವುದರಿಂದ ಸೂಟ್‌ಕೇಸನ್ನು ನಿಲ್ಲಿಸಿ ಇಡಬಹುದು. ಎಸ್‌ಯುವಿಯಲ್ಲಿ ಮಲಗಿಸಬೇಕು, ಆಗ ಹಿಂದಿನ ಗಾಜು ಮುಚ್ಚಿಹೋಗುತ್ತದೆ. ಟಾಹೋ, ಎಕ್ಸ್‌ಪೆಡಿಷನ್‌ನಂಥ ದೊಡ್ಡವು ಸಾಕಾಗುತ್ತವೆ, ಆದರೆ ಮೆಟ್ಟಿಲು ಎತ್ತರ, ಬಾಡಿಗೆಯೂ ಎತ್ತರ.

ಮಂಡಿನೋವು ಇರುವವರಿಗೆ ಮಿನಿವ್ಯಾನಿನ ಜಾರುವ ಬಾಗಿಲು, ತಗ್ಗು ನೆಲ ಎರಡೂ ವರ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಪ್ರವಾಸ ಇದು.

ಮಲೆನಾಡ್‌ಮಳೆ

ಸೀಟು ಹಂಚಿಕೆ ಈಗಲೇ ಯೋಚಿಸಿ, ಕೌಂಟರ್ ಮುಂದೆ ನಿಂತಲ್ಲ. ಏಳು ಸೀಟಿನ ಮಿನಿವ್ಯಾನಿನಲ್ಲಿ ನಡುವಿನ ಸಾಲು ಎರಡು ಬಿಡಿ ಸೀಟು, ಹಿಂದಿನದು ಮೂರು. ಅಪ್ಪ ಮುಂದೆ. ನಡುವೆ ಒಂದು ಕಡೆ ಅಮ್ಮ, ಇನ್ನೊಂದು ಕಡೆ 3 ವರ್ಷದವರ ಕಾರ್ ಸೀಟ್ (ಆ್ಯಂಕರ್ ಕೊಕ್ಕೆ ಸುಲಭವಾಗಿ ಕೈಗೆ ಸಿಗುವುದು ಅಲ್ಲಿಯೇ). 7 ವರ್ಷದವರು ಬೂಸ್ಟರ್ ಮೇಲೆ ಹಿಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಿಮ್ಮಲ್ಲೊಬ್ಬರು. ಹಿಂದಿನ ಸಾಲು 60:40 ಭಾಗವಾಗುತ್ತದೆ. ಆ 40ರ ಒಂಟಿ ಸೀಟನ್ನು ನೆಲದೊಳಗೆ ಮಡಚಿದರೆ ತಳ್ಳುಗಾಡಿಗೂ ಬೀಚ್ ಸಾಮಾನಿಗೂ ಜಾಗ ಸಿಕ್ಕಿತು.

ಹವಾಯಿ ಕಾನೂನು 2022ರಲ್ಲಿ ಬಿಗಿಯಾಯಿತು. 2 ತುಂಬುವವರೆಗೆ ಹಿಂದಕ್ಕೆ ಮುಖ ಮಾಡಿದ ಸೀಟು, 4 ತುಂಬುವವರೆಗೆ ಬೆಲ್ಟ್ ಕಟ್ಟಿದ ಕಾರ್ ಸೀಟು, 10 ತುಂಬುವವರೆಗೆ ಕಾರ್ ಸೀಟು ಅಥವಾ ಬೂಸ್ಟರ್. 7 ವರ್ಷದವರು 4 ಅಡಿ 9 ಇಂಚು ದಾಟಿರದಿದ್ದರೆ ಬೂಸ್ಟರ್ ಬೇಕೇ ಬೇಕು. ಎರಡನ್ನೂ ಮನೆಯಿಂದಲೇ ಒಯ್ಯಿರಿ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳು ಮಕ್ಕಳ ಸೀಟನ್ನು ಲಗೇಜಾಗಿ ಉಚಿತವಾಗಿ ತೆಗೆದುಕೊಳ್ಳುತ್ತವೆ. ಬಾಡಿಗೆಯ ಸೀಟಿಗೆ ದಿನದ ಲೆಕ್ಕದಲ್ಲಿ ಹಣ ಕೊಡಬೇಕು, ಅದರ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ನೀವೇ ಹುಡುಕಿ ನೋಡಬೇಕು, ಕಟ್ಟಿಕೊಡುವವರು ಯಾರೂ ಇಲ್ಲ.

ಬಯಲುಸೀಮೆ_ಬಂಡಿ

ಗೇರ್‌ಬಾಕ್ಸ್ ಸಾಹೇಬ್ರ, ಒಂದು ಮಾತಿಗೆ ನಂದು ತಕರಾರು ಐತ್ರಿ. ಮಿನಿವ್ಯಾನ್ ಅಂದ್ರ ಮೌನಾ ಕೇಯಾ ಬಿಟ್ಟಂಗ ಆತಲ್ಲ? ನಾಲ್ಕೂ ಗಾಲಿ ತಿರುಗೋ ಗಾಡಿ ಇಲ್ದ ಅಲ್ಲಿ ಮ್ಯಾಲ ಬಿಡೂದಿಲ್ಲ. ಸಿಯೆನ್ನಾ ಆಲ್ ವೀಲ್ ಡ್ರೈವ್‌ನ್ಯಾಗೂ ಸಿಗ್ತದ.

ಗೇರ್‌ಬಾಕ್ಸ್

ಸಿಗುತ್ತದೆ, ಆದರೆ ಅಲ್ಲಿ ಅದು ಲೆಕ್ಕಕ್ಕಿಲ್ಲ. ಬಿಡಿಸಿ ಹೇಳುತ್ತೇನೆ, ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ.

ಮೌನಾ ಕೇಯಾ ರಸ್ತೆ ಎರಡು ಭಾಗ. ದ್ವೀಪದ ನಡುವೆ ಹಾದುಹೋಗುವ ಸ್ಯಾಡಲ್ ರೋಡಿನಿಂದ 9,200 ಅಡಿ ಎತ್ತರದ ವಿಸಿಟರ್ ಸ್ಟೇಷನ್‌ವರೆಗೆ ಚೆನ್ನಾದ ಡಾಂಬರು. ಯಾವ ಕಾರಾದರೂ ಹತ್ತುತ್ತದೆ. ಅದರ ಮೇಲೆ ಸುಮಾರು ಐದು ಮೈಲಿ ಜಲ್ಲಿ ಮಣ್ಣಿನ ಕಡಿದಾದ ದಾರಿ, ಆಮೇಲೆ ತುದಿಯವರೆಗೆ ಮತ್ತೆ ಡಾಂಬರು. ಆ ಎರಡನೇ ಭಾಗಕ್ಕೆ ಲೋ ರೇಂಜ್ (ತೀರಾ ನಿಧಾನಕ್ಕೆ ಓಡಿಸುವ ಹೆಚ್ಚುವರಿ ಗೇರ್) ಇರುವ ನಿಜವಾದ ಫೋರ್ ವೀಲ್ ಡ್ರೈವ್ ಬೇಕು ಎಂಬುದು ನಿಯಮ, ರೇಂಜರ್‌ಗಳು ತಡೆದು ನೋಡುತ್ತಾರೆ.

ಕಾರಣ ಹತ್ತುವುದರಲ್ಲಿ ಇಲ್ಲ, ಇಳಿಯುವುದರಲ್ಲಿದೆ. ಆಲ್ ವೀಲ್ ಡ್ರೈವ್ ನಾಲ್ಕೂ ಚಕ್ರಕ್ಕೆ ಬಲ ಹಂಚುತ್ತದೆ ಅಷ್ಟೇ, ಗೇರ್ ಅನುಪಾತ ಬದಲಾಯಿಸುವುದಿಲ್ಲ. ಲೋ ರೇಂಜ್‌ನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಇಳಿಸುತ್ತದೆ. ಅದಿಲ್ಲದವರು ದಾರಿಯುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟಿರುತ್ತಾರೆ. ಪ್ಯಾಡ್ ಕಾದು ಹಿಡಿತ ಬಿಡುತ್ತದೆ, ಫ್ಲುಯಿಡ್ ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗಿಳಿಯುತ್ತದೆ. ಕತ್ತಲಾದ ಮೇಲೆ, ಸೂರ್ಯಾಸ್ತ ನೋಡಿದವರೆಲ್ಲ ಒಟ್ಟಿಗೆ ಇಳಿಯುವ ಹೊತ್ತಿಗೆ ಇದು ಆಗುತ್ತದೆ.

ಇನ್ನೊಂದು: ದೊಡ್ಡ ಬಾಡಿಗೆ ಕಂಪನಿಗಳ ಕರಾರಿನಲ್ಲಿ ಡಾಂಬರಿಲ್ಲದ ರಸ್ತೆಗೆ ಸಾಮಾನ್ಯವಾಗಿ ನಿಷೇಧ. ಜೀಪನ್ನೇ ಬಾಡಿಗೆಗೆ ಕೊಟ್ಟು, ಜೀಪ್ ಹೋಗುವ ದಾರಿಗೆ ಹೋಗಬೇಡಿ ಅನ್ನುತ್ತಾರೆ! ತುದಿಗೆ ಹೋಗಲು ಬರಹದಲ್ಲಿ ಅನುಮತಿ ಕೊಡುವ ಸ್ಥಳೀಯ ಕಂಪನಿಗಳು ಬೆರಳೆಣಿಕೆಯಷ್ಟು.

ಕಡಲತಡಿ

ಅದಕ್ಕಿಂತ ಮೊದಲು ಮಕ್ಕಳ ವಿಷಯ ನೋಡಿ ಮಾರಾಯ್ರೇ. ತುದಿ 13,800 ಅಡಿ, ಅಂದರೆ 4,200 ಮೀಟರ್ ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಜಾಸ್ತಿ. ಸಮುದ್ರ ಮಟ್ಟದಿಂದ ಎರಡು ಗಂಟೆಯಲ್ಲಿ ಅಲ್ಲಿಗೆ ಏರಿದರೆ ದೊಡ್ಡವರಿಗೇ ತಲೆ ತಿರುಗುತ್ತದೆ. 13ಕ್ಕಿಂತ ಕಡಿಮೆ ವಯಸ್ಸಿನವರು, ಗರ್ಭಿಣಿಯರು, ಹೃದಯ ಅಥವಾ ಉಸಿರಾಟದ ತೊಂದರೆ ಇರುವವರು ವಿಸಿಟರ್ ಸ್ಟೇಷನ್ ದಾಟಿ ಹೋಗಬಾರದು ಎಂದು ಅಲ್ಲಿಯೇ ಎಚ್ಚರಿಕೆ ಉಂಟು. ನಿಮ್ಮ ಆರು ಜನರಲ್ಲಿ ಇಬ್ಬರು ಅಲ್ಲಿಗೇ ಹೊರಗೆ.

ವಿಸಿಟರ್ ಸ್ಟೇಷನ್‌ನಲ್ಲೇ ನಿಲ್ಲಿ. ಸಾಮಾನ್ಯವಾಗಿ ಮೋಡ ಅದಕ್ಕಿಂತ ಕೆಳಗೆ ಇರುತ್ತದೆ, ನಕ್ಷತ್ರ ಬೇಕಾದಷ್ಟು. ಸ್ವೆಟರ್, ಕುಲಾವಿ, ಸಾಕ್ಸ್ ಕಾರಿನಲ್ಲಿರಲಿ. ಬೀಚಿನ ಚಡ್ಡಿಯಲ್ಲಿ ಹೋಗಿ ನಡುಗುವವರು ದಿನಾ ಇರುತ್ತಾರೆ. ತುದಿ ನೋಡಲೇಬೇಕು ಅಂತಿದ್ದರೆ ನಿಮ್ಮಲ್ಲೊಬ್ಬರು ಪರವಾನಗಿ ಇರುವ ಟೂರ್ ವ್ಯಾನಿನಲ್ಲಿ ಹೋಗಿಬನ್ನಿ. ಸ್ಕೂಬಾ ಡೈವಿಂಗ್ ಮಾಡಿದವರು 24 ಗಂಟೆ ಬಿಡಬೇಕು.

ವೈಪಿಯೋ ಕಣಿವೆಗೆ ಇಳಿಯುವ ರಸ್ತೆ 2022ರ ಫೆಬ್ರುವರಿಯಿಂದ ಪ್ರವಾಸಿಗಳಿಗೆ ಬಂದ್. ಕಾರಿಗೂ, ಕಾಲ್ನಡಿಗೆಗೂ. ಸರಾಸರಿ 25 ಶೇಕಡಾ ಇಳಿಜಾರು ಅದು. ಹಳೆಯ ವಿಡಿಯೋ ನೋಡಿ ಜೀಪ್ ಬುಕ್ ಮಾಡುವವರಿಗೆ ಇದು ಗೊತ್ತಿರುವುದಿಲ್ಲ. ಮೇಲಿನ ಲುಕೌಟ್‌ಗೆ ಹೈವೇ 240ರ ಕೊನೆಯವರೆಗೂ ಡಾಂಬರು, ಅಲ್ಲಿಂದಲೇ ಕಣಿವೆ ಕಾಣುತ್ತದೆ.

ಹಸಿರು ಮರಳು, ಪಾಪಕೋಲೇಯಾ. ಸೌತ್ ಪಾಯಿಂಟ್ ರೋಡ್ ಸಣ್ಣದು, ಆದರೆ ಡಾಂಬರು. ಮುಂದಿನ ಎರಡೂವರೆ ಮೈಲಿ ನಡೆಯಬೇಕು, ನೆರಳಿಲ್ಲ. ಅದು ಹವಾಯಿಯ ಮೂಲನಿವಾಸಿಗಳಿಗೆ ಮೀಸಲಾದ ಭೂಮಿ, ಗಾಡಿ ಓಡಿಸಿ ಕೆಂಪು ಮಣ್ಣಿನಲ್ಲಿ ಆಳುದ್ದದ ಹಳ್ಳ ಬಿದ್ದಿದೆ. ಪಿಕಪ್‌ನಲ್ಲಿ ಕೂರಿಸಿಕೊಂಡು ಹೋಗುತ್ತೇವೆ ಎಂದು ಕೆಲವರು ಕರೆಯುತ್ತಾರೆ, ಅದಕ್ಕೂ ಅನುಮತಿ ಇಲ್ಲ. ಅಮ್ಮನಿಗೆ ಪುನಲೂಉ ಕಪ್ಪು ಮರಳಿನ ಬೀಚ್ ಸಾಕು, ಕಾರು ನಿಲ್ಲಿಸಿದಲ್ಲಿಂದ ನಾಲ್ಕು ಹೆಜ್ಜೆ.

ಅಂದರೆ ನಿಮ್ಮ ಪಟ್ಟಿಯಲ್ಲಿ ಫೋರ್ ವೀಲ್ ಬೇಡುತ್ತಿದ್ದ ಜಾಗಗಳೆಲ್ಲ ಒಂದೊಂದಾಗಿ ಉದುರಿದವು.

ಬಯಲುಸೀಮೆ_ಬಂಡಿ

ಒಪ್ಪಿದ್ನಿ. ಮಿನಿವ್ಯಾನ್ ಗೆದ್ತು.

ಪಾಲಿಸಿಪಂಡಿತ

ಇನ್ಶೂರೆನ್ಸಿಗೆ ಬರೋಣ. ಕೌಂಟರಿನಲ್ಲಿ ಮೂರು ನಾಲ್ಕು ಹೆಸರು ಪಟಪಟ ಹೇಳಿ ಸಹಿ ಹಾಕಿಸುತ್ತಾರೆ. ಅವುಗಳಲ್ಲಿ ಮುಖ್ಯ ಎರಡೇ.

ಮೊದಲನೆಯದು ಸಿಡಿಡಬ್ಲ್ಯು ಅಥವಾ ಎಲ್‌ಡಿಡಬ್ಲ್ಯು: ಬಾಡಿಗೆ ಕಾರಿಗೇ ಆಗುವ ಹಾನಿ, ಕಳವು. ಎರಡನೆಯದು ಲಯಬಿಲಿಟಿ: ನೀವು ಇನ್ನೊಬ್ಬರಿಗೆ ಮಾಡುವ ಹಾನಿ. ಜನ ಮೊದಲನೆಯದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಮನೆಮಠ ಕಳೆಯುವುದು ಎರಡನೆಯದು.

ನಿಮಗೆ ಅಮೆರಿಕದಲ್ಲಿ ಸ್ವಂತ ಕಾರಿನ ಪಾಲಿಸಿ ಇದ್ದರೆ ಅದರ ಲಯಬಿಲಿಟಿ ಸಾಮಾನ್ಯವಾಗಿ ಬಾಡಿಗೆ ಕಾರಿಗೂ ಬರುತ್ತದೆ, ಹವಾಯಿಯೂ ಸೇರಿ. ಹೊರಡುವ ಮೊದಲು ಏಜೆಂಟರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಬಾಡಿಗೆ ಕಾರಿಗೆ ನನ್ನ ಕೊಲಿಷನ್ (ಡಿಕ್ಕಿಯಲ್ಲಿ ಕಾರಿಗಾಗುವ ಹಾನಿಯ ರಕ್ಷಣೆ) ಅನ್ವಯಿಸುತ್ತದೆಯೇ, ಡಿಡಕ್ಟಿಬಲ್ (ಮೊದಲು ನಾನೇ ಕಟ್ಟಬೇಕಾದ ಮೊತ್ತ) ಎಷ್ಟು, ಕಾರು ರಿಪೇರಿಯಲ್ಲಿರುವ ದಿನಗಳ ಬಾಡಿಗೆ ನಷ್ಟವನ್ನು ಕೊಡುತ್ತೀರಾ? ಮೂರನೆಯದಕ್ಕೆ ಬಹಳ ಪಾಲಿಸಿಗಳ ಉತ್ತರ ಇಲ್ಲ.

ಆ ಸಂದು ತುಂಬಲು ಕ್ರೆಡಿಟ್ ಕಾರ್ಡ್. ಕಾರ್ಡಿನ ರಕ್ಷಣೆ ಪ್ರೈಮರಿಯೋ ಸೆಕೆಂಡರಿಯೋ ನೋಡಿ. ಪ್ರೈಮರಿ ಆದರೆ ನಿಮ್ಮ ಪಾಲಿಸಿ ಮುಟ್ಟದೆ ಅದೇ ಕೊಡುತ್ತದೆ. ಸೆಕೆಂಡರಿ ಆದರೆ ಮೊದಲು ನಿಮ್ಮ ಪಾಲಿಸಿ, ಉಳಿದದ್ದು ಕಾರ್ಡ್. ಎರಡಕ್ಕೂ ಷರತ್ತುಗಳು ಅವೇ: ಪೂರ್ತಿ ಬಾಡಿಗೆ ಅದೇ ಕಾರ್ಡಿನಲ್ಲಿ ಕಟ್ಟಬೇಕು, ಕಾರ್ಡುದಾರರ ಹೆಸರು ಕರಾರಿನಲ್ಲಿ ಡ್ರೈವರ್ ಆಗಿ ಇರಬೇಕು, ಕಂಪನಿಯ ಸಿಡಿಡಬ್ಲ್ಯು ಬೇಡ ಎನ್ನಬೇಕು. ಕಾರ್ಡಿನ ರಕ್ಷಣೆ ಕಾರಿಗೆ ಮಾತ್ರ. ಅದರಲ್ಲಿ ಲಯಬಿಲಿಟಿ ಇಲ್ಲ.

ಕೈ ಕೊಡುವ ಜಾಗಗಳು: ಕರಾರು ಮುರಿದು ಕಚ್ಚಾ ರಸ್ತೆಗೆ ಹೋದರೆ ಕಾರ್ಡೂ ಇಲ್ಲ, ಸಿಡಿಡಬ್ಲ್ಯುವೂ ಇಲ್ಲ. ಮೌನಾ ಕೇಯಾ ಮೇಲಿಂದ ಟೋ ಮಾಡಿಸಿದ ಬಿಲ್ಲು ನೇರ ನಿಮ್ಮ ತಲೆಗೆ. ಪಿಕಪ್ ಟ್ರಕ್ಕನ್ನು ಕಾರ್ಡುಗಳು ಹೆಚ್ಚಾಗಿ ಬಿಟ್ಟಿರುತ್ತವೆ. ಟುರೋದಂತಹ, ಖಾಸಗಿಯವರು ತಮ್ಮ ಕಾರು ಕೊಡುವ ಆ್ಯಪ್‌ಗಳಿಗೂ ಕಾರ್ಡಿನ ರಕ್ಷಣೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಅಲ್ಲಿ ಆ್ಯಪ್‌ನ ಪ್ಲಾನನ್ನೇ ಕೊಳ್ಳಬೇಕು.

ಸ್ವಂತ ಕಾರಿಲ್ಲದವರು, ಅಂದರೆ ಪಾಲಿಸಿಯೇ ಇಲ್ಲದವರು, ಕೌಂಟರಿನ ಲಯಬಿಲಿಟಿಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಅದರಲ್ಲಿ ಉಳಿತಾಯ ಹುಡುಕಬೇಡಿ.

ಹಲಸಿನತೊಳೆ

ಬಹಳ ಉಪಕಾರ. ಸ್ವಂತ ಪಾಲಿಸಿ ಇದೆ, ಕಾರ್ಡ್ ಪ್ರೈಮರಿ. ಅಪ್ಪನ ಲೈಸೆನ್ಸ್ ವಿಷಯ?

ಪಾಲಿಸಿಪಂಡಿತ

ಸೇರಿಸಬೇಡಿ. ಐಡಿಪಿ (ಅಂತರರಾಷ್ಟ್ರೀಯ ಚಾಲನಾ ಪರವಾನಗಿ) ಇಲ್ಲದೆ ಕೌಂಟರಿನವರು ಒಪ್ಪದೆ ಇರಬಹುದು. ಐಡಿಪಿಯನ್ನು ಊರಿನ ಆರ್‌ಟಿಒದಲ್ಲಿ, ಹೊರಡುವ ಮೊದಲೇ ಫಾರಂ 4ಎ ತುಂಬಿ ಮಾಡಿಸಬೇಕಿತ್ತು (ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ). ಅದಿದ್ದರೂ ನಿಮ್ಮ ಪಾಲಿಸಿ ಅವರನ್ನು ಒಳಗೊಳ್ಳುತ್ತದೋ ಇಲ್ಲವೋ ಬೇರೆ ಪ್ರಶ್ನೆ. ರಸ್ತೆಯ ಬಲಗಡೆ ಓಡಿಸುವ ಅಭ್ಯಾಸ ಇಲ್ಲದವರು ತಪ್ಪುವುದು ಹೈವೇಯಲ್ಲಲ್ಲ, ಪಾರ್ಕಿಂಗಿನಿಂದ ಖಾಲಿ ರಸ್ತೆಗೆ ತಿರುಗುವಾಗ. ನಿಮ್ಮ ಮನೆಯವರನ್ನು ಎರಡನೇ ಡ್ರೈವರ್ ಮಾಡಿ. ಗಂಡ ಅಥವಾ ಹೆಂಡತಿಗೆ ಶುಲ್ಕ ಹಾಕದ ಕಂಪನಿಗಳಿವೆ, ಕಾಸ್ಟ್‌ಕೋ (ಸದಸ್ಯರಿಗೆ ಮಾರುವ ದೊಡ್ಡ ಅಂಗಡಿ ಸರಣಿ) ಮೂಲಕ ಬುಕ್ ಮಾಡಿದರೆ ಒಬ್ಬ ಹೆಚ್ಚುವರಿ ಡ್ರೈವರ್ ಉಚಿತ ಎಂಬುದು ಅವರ ಮುಖ್ಯ ಸವಲತ್ತು. ಕರಾರಿನಲ್ಲಿ ಹೆಸರಿಲ್ಲದವರು ಹತ್ತು ನಿಮಿಷ ಓಡಿಸಿ ತಗುಲಿಸಿದರೂ ಯಾವ ರಕ್ಷಣೆಯೂ ನಿಲ್ಲುವುದಿಲ್ಲ.

ಲೆಕ್ಕದಪುಸ್ತಕ

ಬೆಲೆ ನೋಡುವಾಗ ದಿನದ ದರ ನೋಡಬೇಡಿ, ಕೊನೆಯ ಸಾಲು ನೋಡಿ. ಹವಾಯಿ ರಾಜ್ಯದ ಬಾಡಿಗೆ ಕಾರು ಸರ್ಚಾರ್ಜ್ 2022ರಲ್ಲಿ ದಿನಕ್ಕೆ 5.50 ಡಾಲರ್ ಇತ್ತು. ವರ್ಷಕ್ಕೆ ಅರ್ಧ ಡಾಲರ್‌ನಂತೆ ಏರಿ 2027ಕ್ಕೆ 8 ಡಾಲರ್ ಆಗುವಂತೆ ಕಾನೂನಿನಲ್ಲೇ ಬರೆದಿದೆ. ವಿಮಾನ ನಿಲ್ದಾಣದ ಸೌಲಭ್ಯ ಶುಲ್ಕ ದಿನಕ್ಕೆ 4.50. ಇದರ ಮೇಲೆ ನಿಲ್ದಾಣದ ಕನ್ಸೆಷನ್ ಶುಲ್ಕ ಶೇಕಡಾ ಲೆಕ್ಕದಲ್ಲಿ, ನೋಂದಣಿ ಶುಲ್ಕ, ರಾಜ್ಯದ ತೆರಿಗೆ. ದಿನಕ್ಕೆ ಇಷ್ಟು ಎಂಬ ಶುಲ್ಕಗಳು 24 ಗಂಟೆಗೊಮ್ಮೆ ಬೀಳುವುದರಿಂದ ಬೆಳಗ್ಗೆ 11ಕ್ಕೆ ತೆಗೆದುಕೊಂಡ ಕಾರನ್ನು ಕೊನೇ ದಿನ ಮಧ್ಯಾಹ್ನ 3ಕ್ಕೆ ಕೊಟ್ಟರೆ ಇಡೀ ಒಂದು ದಿನದ್ದು ಸೇರಿಕೊಳ್ಳಬಹುದು.

ಈಗಲೇ ಹಣ ಕಟ್ಟದ, ರದ್ದು ಮಾಡಬಹುದಾದ ಬುಕಿಂಗ್ ಇಂದೇ ಹಾಕಿ. ವಾರಕ್ಕೊಮ್ಮೆ ನೋಡಿ, ಇಳಿದರೆ ಹೊಸದು ಹಾಕಿ ಹಳೆಯದು ಬಿಡಿ. ಕೊನೇ ಗಳಿಗೆಯಲ್ಲಿ ಅಗ್ಗವಾಗುತ್ತದೆ ಎಂಬ ಲೆಕ್ಕ ದ್ವೀಪದಲ್ಲಿ ನಡೆಯುವುದಿಲ್ಲ, ಪಕ್ಕದೂರಿಂದ ಕಾರು ತರಿಸುವ ಹಾಗಿಲ್ಲವಲ್ಲ. ಕೋವಿಡ್‌ನಲ್ಲಿ ಕಂಪನಿಗಳು ಕಾರುಗಳನ್ನು ಮಾರಿಬಿಟ್ಟು 2021ರಲ್ಲಿ ಪ್ರವಾಸಿಗಳು ವಾಪಸ್ ಬಂದಾಗ, ಹವಾಯಿಯಲ್ಲಿ ಮನೆ ಸಾಮಾನು ಸಾಗಿಸುವ ಟ್ರಕ್ಕನ್ನೇ ಬಾಡಿಗೆಗೆ ಹಿಡಿದು ಊರು ಸುತ್ತಿದವರಿದ್ದರು.

ಬುಕಿಂಗ್‌ನಲ್ಲಿ ನಾಲ್ಕಕ್ಷರದ ಸಂಕೇತ ಇರುತ್ತದೆ. ಮಿನಿವ್ಯಾನಿಗೆ ಸಾಮಾನ್ಯವಾಗಿ ಎಂವಿಎಆರ್ (MVAR). ಮೂರನೇ ಅಕ್ಷರ 'ಎ' ಇದ್ದರೆ ಆಟೊಮ್ಯಾಟಿಕ್, ಯಾವ ಚಕ್ರಕ್ಕೆ ಬಲ ಎಂದು ಭರವಸೆ ಇಲ್ಲ. 'ಬಿ' ಇದ್ದರೆ ಫೋರ್ ವೀಲ್, 'ಡಿ' ಇದ್ದರೆ ಆಲ್ ವೀಲ್. ಚಿತ್ರದಲ್ಲಿರುವ ಕಾರೇ ಸಿಗಬೇಕಿಲ್ಲ, ಆ ವರ್ಗದ್ದು ಸಿಕ್ಕರೆ ಅವರ ಮಾತು ಮುಗಿಯಿತು. 'ಸ್ಟ್ಯಾಂಡರ್ಡ್ ಎಸ್‌ಯುವಿ' ಬುಕ್ ಮಾಡಿ ಐದು ಸೀಟಿನದು ಸಿಕ್ಕಿತೆಂದು ಜಗಳ ಆಡುವವರು ಈ ಸಾಲು ಓದಿರುವುದಿಲ್ಲ.

ಪೆಟ್ರೋಲ್: ಏಳು ದಿನಕ್ಕೆ 600 ಮೈಲಿ ಹಿಡಿಯಿರಿ. ಪೆಸಿಫಿಕಾ ವಿ6 ಗ್ಯಾಲನ್‌ಗೆ 22 ಮೈಲಿ ಕೊಟ್ಟರೆ 27 ಗ್ಯಾಲನ್. ಸಿಯೆನ್ನಾ 2021ರಿಂದ ಹೈಬ್ರಿಡ್ ಮಾತ್ರ, 36 ಮೈಲಿ, 17 ಗ್ಯಾಲನ್. ಗ್ಯಾಲನ್‌ಗೆ 5 ಡಾಲರ್ ಎಂದು ಹಿಡಿದರೆ 50 ಡಾಲರ್ ವ್ಯತ್ಯಾಸ. ಲಾಟಿನಲ್ಲಿ (ಬಾಡಿಗೆ ಕಾರುಗಳನ್ನು ನಿಲ್ಲಿಸುವ ಅಂಗಳ) ಎರಡೂ ನಿಂತಿದ್ದರೆ ಸಿಯೆನ್ನಾ ಕೇಳಿ.

ಮಲೆನಾಡ್‌ಮಳೆ

ಲೆಕ್ಕದಪುಸ್ತಕ ಅವರ 600 ಮೈಲಿ ಕೋನಾದಲ್ಲೇ ಏಳೂ ರಾತ್ರಿ ಇದ್ದರೆ ಸಾಲದು. ಬಿಗ್ ಐಲ್ಯಾಂಡ್ ಹವಾಯಿಯ ಉಳಿದ ದ್ವೀಪಗಳನ್ನೆಲ್ಲ ಕೂಡಿಸಿದರೂ ಅವಕ್ಕಿಂತ ದೊಡ್ಡದು. ಕೋನಾದಿಂದ ಜ್ವಾಲಾಮುಖಿ ಪಾರ್ಕಿಗೆ ಒಂದು ದಿಕ್ಕಿಗೆ 95 ಮೈಲಿ, ಎರಡು ಗಂಟೆಯ ಮೇಲೆ. ಹಿಲೋದಿಂದ 30 ಮೈಲಿ, ಮುಕ್ಕಾಲು ಗಂಟೆ. ನಾಲ್ಕು ರಾತ್ರಿ ಕೋನಾ, ಮೂರು ರಾತ್ರಿ ಹಿಲೋ ಅಥವಾ ವಾಲ್ಕನೋ ಹಳ್ಳಿ ಎಂದು ಭಾಗ ಮಾಡಿ. ಮಕ್ಕಳು, ಮಂಡಿ ಎರಡಕ್ಕೂ ಸುಖ. ಹಿಲೋದಲ್ಲಿ ರೇನ್‌ಬೋ ಫಾಲ್ಸ್ ಪಾರ್ಕಿಂಗಿನ ಪಕ್ಕದಿಂದಲೇ ಕಾಣುತ್ತದೆ. ಅಕಾಕಾ ಜಲಪಾತದಲ್ಲಿ ಮೆಟ್ಟಿಲು ಬಹಳ, ಅಮ್ಮ ಹೊರಗೆ ಕೂರುವುದು ಒಳ್ಳೆಯದು.

ಸ್ಯಾಡಲ್ ರೋಡ್ ಬಗ್ಗೆ ಹಳೆಯ ಹೆದರಿಕೆ ಬಿಡಿ. ಒಂದು ಕಾಲದಲ್ಲಿ ಬಾಡಿಗೆ ಕಂಪನಿಗಳು ಅದನ್ನೂ ನಿಷೇಧಿಸಿದ್ದವು. ಅಗಲ ಮಾಡಿ ಹೊಸದಾಗಿ ಕಟ್ಟಿ 2013ರಲ್ಲಿ ಡೇನಿಯಲ್ ಕೆ. ಇನೊವೆ ಹೈವೇ ಎಂದು ಹೆಸರಿಟ್ಟರು. 6,600 ಅಡಿಗೆ ಏರಿ ಇಳಿಯುತ್ತದೆ, ಕೋನಾದಿಂದ ಹಿಲೋಗೆ ಒಂದೂ ಮುಕ್ಕಾಲು ಗಂಟೆ. ನಡುವೆ ಪೆಟ್ರೋಲ್ ಬಂಕ್ ಇಲ್ಲ, ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಹೋಗಬೇಡಿ. ಮಧ್ಯಾಹ್ನದ ಮೇಲೆ ಹಿಲೋ ಕಡೆ ಇಳಿಜಾರಿನಲ್ಲಿ ಮಂಜು, ಮಳೆ. ಚಾರ್ಮಾಡಿಯ ಮಂಜು ನೋಡಿದವರಿಗೆ ಹೊಸದೇನಲ್ಲ, ಆದರೆ ಇಲ್ಲಿ ವೇಗ 55, 60 ಮೈಲಿ. ಲೈಟ್ ಹಾಕಿ, ಹೈ ಬೀಮ್ ಬೇಡ.

ಹಿಲೋದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ನಮ್ಮ ಕರಾವಳಿಯ ಮಟ್ಟದ್ದು, ಆದರೆ ವರ್ಷವಿಡೀ ಹಂಚಿಕೊಂಡು. ಟಾಪ್ ತೆಗೆಯುವ ಜೀಪ್, ಕನ್ವರ್ಟಿಬಲ್ ಆಸೆ ಉಳಿದಿದ್ದರೆ ಇದೂ ನೆನಪಿರಲಿ.

ಗೇರ್‌ಬಾಕ್ಸ್

ಪಾರ್ಕಿನೊಳಗಿನ ಚೈನ್ ಆಫ್ ಕ್ರೇಟರ್ಸ್ ರೋಡ್ ಸುಮಾರು 19 ಮೈಲಿಯಲ್ಲಿ 3,700 ಅಡಿ ಇಳಿಯುತ್ತದೆ. ಡಾಂಬರು ಚೆನ್ನಾಗಿದೆ, ಮಿನಿವ್ಯಾನಿಗೆ ಏನೂ ತೊಂದರೆ ಇಲ್ಲ. ಆರು ಜನರ ಭಾರ ಇರುವುದರಿಂದ ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ. ಕೆಳಗೆ ನೀರು, ಪೆಟ್ರೋಲ್, ಅಂಗಡಿ ಏನೂ ಇಲ್ಲ. ಪ್ರವೇಶ ಕಾರಿಗೆ 30 ಡಾಲರ್, ಏಳು ದಿನ ಚಾಲ್ತಿ. ರಸೀದಿ ಕಾರಿನಲ್ಲೇ ಇರಲಿ.

ಲಾಟಿನಿಂದ ಹೊರಡುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಟೈರಿನ ಪಕ್ಕದ ಗೋಡೆ ನೋಡಿ, ರಸ್ತೆ ಅಂಚಿನ ಲಾವಾ ಕಲ್ಲು ಗಾಜಿನ ಹಾಗೆ ಕೊಯ್ಯುತ್ತದೆ. ಪಕ್ಕದ ಸೀಳನ್ನು ತೇಪೆ ಹಾಕಲಾಗದು, ಟೈರೇ ಹೋಯಿತು. ಸ್ಟೆಪ್ನಿ ಇದೆಯೇ ಕೇಳಿ, ಮಿನಿವ್ಯಾನುಗಳಲ್ಲಿ ಎಷ್ಟೋ ಸಲ ಇರುವುದು ಅಂಟು ತುಂಬುವ ಕಿಟ್ ಮಾತ್ರ, ಅದು ಸಣ್ಣ ಮೊಳೆಯ ತೂತಿಗೆ ಸರಿ. ಜಾರುವ ಬಾಗಿಲು ಎರಡೂ ಪೂರ್ತಿ ತೆರೆದು ಮುಚ್ಚಿ, ಹಳಿಯಲ್ಲಿ ಮರಳು ಸಿಕ್ಕಿದ್ದರೆ ಅರ್ಧಕ್ಕೆ ನಿಂತು ವಾಪಸ್ ಹೋಗುತ್ತದೆ. ಎಸಿಯನ್ನು ಹಿಂದಿನ ಸಾಲಿಗೂ ಬಿಟ್ಟು ನೋಡಿ. ನಾಲ್ಕೂ ಬದಿ, ವಿಂಡ್‌ಶೀಲ್ಡ್, ಓಡೋಮೀಟರ್, ಪೆಟ್ರೋಲ್ ಮುಳ್ಳು ವಿಡಿಯೋ ಮಾಡಿಕೊಳ್ಳಿ.

ಕಡಲತಡಿ

ಕೀ ವಿಷಯ ಯಾರೂ ಹೇಳಲಿಲ್ಲ. ಎರಡು ಕೀಗಳನ್ನೂ ಬಿಚ್ಚಲಾಗದ ಒಂದೇ ಉಕ್ಕಿನ ತಂತಿಯಲ್ಲಿ ಸೇರಿಸಿ ಕೊಡುತ್ತಾರೆ, ಅಂದರೆ ಎರಡನೆಯದು ಇದ್ದೂ ಇಲ್ಲದ ಹಾಗೆ. ಜೇಬಿನಲ್ಲಿಟ್ಟು ಸಮುದ್ರಕ್ಕೆ ಇಳಿದರೆ ಉಪ್ಪು ನೀರು ಎರಡನ್ನೂ ತಿನ್ನುತ್ತದೆ. ನೀರೊಳಗೆ ಹೋಗುವ ಚೀಲ ಒಂದು ಕೊಂಡು ಕುತ್ತಿಗೆಗೆ ಹಾಕಿಕೊಳ್ಳಿ, ಇಲ್ಲವೇ ಒಬ್ಬರು ದಡದಲ್ಲಿ. ಬ್ಯಾಟರಿ ಸತ್ತರೆ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ, ಒಳಗಿನ ಚಿಪ್‌ಗೆ ಬ್ಯಾಟರಿ ಬೇಡ, ಎಷ್ಟೋ ಸಲ ಹೊರಡುತ್ತದೆ.

ಬೀಚು, ಜಲಪಾತಗಳ ಪಾರ್ಕಿಂಗಿನಲ್ಲಿ ಗಾಜು ಒಡೆದು ಕದಿಯುವುದುಂಟು. ಕೋನಾದಿಂದ ಹಿಲೋಗೆ ಸ್ಥಳ ಬದಲಿಸುವ ದಿನ ಸೂಟ್‌ಕೇಸ್ ತುಂಬಿದ ವ್ಯಾನನ್ನು ಎಲ್ಲಿಯೂ ನಿಲ್ಲಿಸಿ ದೂರ ಹೋಗಬೇಡಿ. ಮಿನಿವ್ಯಾನಿಗೆ ಡಿಕ್ಕಿ ಮುಚ್ಚಳ ಇಲ್ಲ, ಎಲ್ಲ ಕಾಣುತ್ತದೆ. ಅದರ ದೋಷ ಅಂತ ಇದ್ದರೆ ಅದೊಂದೇ.

ರಾತ್ರಿ ಕೋನಾದ ಹೈವೇ 19ರಲ್ಲಿ ಆಡುಗಳು, ಪಾರ್ಕಿನಲ್ಲಿ ನೇನೇ ಎಂಬ ಹೆಬ್ಬಾತು. ಹಾರ್ನ್ ಬಾರಿಸಬೇಡಿ, ಅಲ್ಲಿ ಅದು ಬೈಗುಳಕ್ಕೆ ಸಮ.

ಹಲಸಿನತೊಳೆ

ಎಂವಿಎಆರ್ ಬುಕ್ ಮಾಡಿದೆ, ಈಗಲೇ ಹಣ ಕಟ್ಟದ, ರದ್ದು ಮಾಡಬಹುದಾದದ್ದು. 4 + 3 ರಾತ್ರಿ. ಒಂದೇ ಸಂದೇಹ: ಕಾರನ್ನು ಹಿಲೋದಲ್ಲಿ ಬಿಟ್ಟು ಅಲ್ಲಿಂದಲೇ ಹಾರಿದರೆ ಹೇಗೆ?

ಲೆಕ್ಕದಪುಸ್ತಕ

ಎರಡು ಬೆಲೆ ಕೂಡಿಸಿ ನೋಡಿ. ಬೇರೆ ನಿಲ್ದಾಣದಲ್ಲಿ ಬಿಡುವ ಶುಲ್ಕ ಕಂಪನಿಗೊಂದು, ವಾರಕ್ಕೊಂದು. ಹಿಲೋದಿಂದ ನಿಮ್ಮ ಕಡೆಗೆ ಹೆಚ್ಚಾಗಿ ಹೊನೊಲುಲುವಿನಲ್ಲಿ ವಿಮಾನ ಬದಲಿಸಬೇಕಾಗುತ್ತದೆ. ಕೋನಾದಿಂದ ನೇರ ವಿಮಾನವಿದ್ದರೆ ಒಂದೂ ಮುಕ್ಕಾಲು ಗಂಟೆ ಓಡಿಸಿ ಬರುವುದೇ ಮೇಲು. ಕೋನಾದಲ್ಲಿ ಬಾಡಿಗೆ ಲಾಟುಗಳು ಟರ್ಮಿನಲ್‌ನಿಂದ ದೂರ, ಷಟಲ್ ಬಸ್ಸಿಗೆ ಕಾಯಬೇಕು. ಮೊದಲು ಅಪ್ಪ ಅಮ್ಮ, ಮಕ್ಕಳು, ಸೂಟ್‌ಕೇಸನ್ನು ಟರ್ಮಿನಲ್‌ನಲ್ಲಿ ಇಳಿಸಿ, ಆಮೇಲೆ ಒಬ್ಬರೇ ಹೋಗಿ ಕಾರು ಒಪ್ಪಿಸಿ. ಊರೊಳಗೆ ಟ್ಯಾಂಕ್ ತುಂಬಿಸಿ, ಬಂಕಿನ ರಸೀದಿ ಇಟ್ಟುಕೊಳ್ಳಿ. ಮರಳು ಕೊಡವಿ, ಒದ್ದೆ ಸೀಟು ಒಣಗಿಸಿ ಕೊಡಿ, ಕ್ಲೀನಿಂಗ್ ಚಾರ್ಜ್ ಹಾಕಲು ಅವರಿಗೆ ಅದು ಸುಲಭದ ನೆಪ. ಕೊನೆಯ ರಸೀದಿ ಇಮೇಲ್‌ಗೆ ಬಂದಿದೆಯೇ ನೋಡಿ ಷಟಲ್ ಹತ್ತಿ.